ಉಳಿದ ಏಳು ಬೈಗುಳ

ಜನವರಿ ೯, ಗುರುವಾರ

ತಮ್ಮನ ಕಂಪ್ಯೂಟರು ಬೆಳಿಗ್ಗೆಯಿಂದ ಕಟಕಟ ಅನ್ನುತ್ತಿದೆ. ಮೊದಲು ಇಲಿಯೆಂದುಕೊಂಡೆ. ಕಟಿಂಗ್ ಟೇಬಲ್ಲಿನ ಕೆಳಗೆಲ್ಲ ಹುಡುಕಿ, ಮೊಣಕಾಲು ನೋಯಿಸಿಕೊಂಡು, ಕೊನೆಗೆ ಕಿವಿಗೊಟ್ಟು ಕೇಳಿದರೆ ಸದ್ದು ಆ ಡಬ್ಬಿಯೊಳಗಿನಿಂದಲೇ ಬರುತ್ತಿತ್ತು.

ಅವನು ಹೋಗಿ ನಾಳೆಗೆ ಹನ್ನೊಂದು ವಾರ.

ಈ ಅಂಗಡಿಯಲ್ಲಿ ಕೋಟು, ಗೌನು, ಆಸ್ಪತ್ರೆಯವರ ಯೂನಿಫಾರ್ಮು ಕತ್ತರಿಸುವುದು ಮೂವತ್ತೊಂದು ವರ್ಷದಿಂದ ನನ್ನ ಕೆಲಸ. ಹನ್ನೊಂದರಿಂದ ಎರಡರವರೆಗೆ ಕೈಯಲ್ಲಿ ಕತ್ತರಿ ಇರುತ್ತದೆ, ಆಗ ನನ್ನನ್ನು ಯಾರೂ ಮಾತಾಡಿಸಬಾರದು, ಫೋನೂ ಮಾಡಬಾರದು. ಹತ್ತು ವರ್ಷದ ಕೆಳಗೆ ನನ್ನ ಭುಜದ ನೋವು ನೋಡಲಾರದೆ ತಮ್ಮ ಒಂದು ಪ್ರೋಗ್ರಾಮು ಬರೆದುಕೊಟ್ಟ. ಅಳತೆ ಹಾಕಿದರೆ ಪ್ಯಾಟರ್ನು ಕಾಗದದ ಮೇಲೆ ಅಚ್ಚಾಗಿ ಬರುತ್ತದೆ. ಹಾಳೆ ಅಂಟಿಸಿ, ಬಟ್ಟೆಯ ಮೇಲಿಟ್ಟು ಕತ್ತರಿಸುವುದಷ್ಟೇ ನನ್ನ ಪಾಲಿಗೆ. ಅಳತೆ ತಪ್ಪಿದರೆ ಪರದೆಯ ಮೇಲೆ ಅವನ ಬೈಗುಳ ಬರುತ್ತದೆ. ‘ಅಕ್ಕಾ, ಇದು ಸೊಂಟವೋ ನೀರಿನ ಟ್ಯಾಂಕೋ?’ ಅಂತ. ಒಮ್ಮೆ ಬಂದ ಬೈಗುಳ ಇನ್ನೊಮ್ಮೆ ಬರುವುದಿಲ್ಲ. “ಹೇಳಿದ್ದನ್ನೇ ಹೇಳೋಕೆ ನಾನೇನು ಗಿಳಿನಾ?” ಎನ್ನುತ್ತಿದ್ದ. ಖಾಲಿಯಾಗುತ್ತಾ ಬಂದರೆ ಯಾವುದಾದರೂ ಭಾನುವಾರ ಬಂದು, ತನ್ನ ಮೂರು ಕಾಲಿನ ಸ್ಟೂಲಿನ ಮೇಲೆ ಕೂತು, ಕಿಸಿಕಿಸಿ ನಗುತ್ತಾ ಹೊಸದಾಗಿ ತುಂಬಿಸಿ ಹೋಗುತ್ತಿದ್ದ.

ಈಗ ತುಂಬಿಸುವವನಿಲ್ಲ. ಅದಕ್ಕೇ ಹನ್ನೊಂದು ವಾರದಿಂದ ನಾನು ಒಂದೂ ತಪ್ಪು ಮಾಡಿಲ್ಲ. ಪ್ರತಿ ಅಳತೆಯನ್ನೂ ಮೂರು ಸಲ ನೋಡಿ ಹಾಕುತ್ತಿದ್ದೇನೆ.

ಊಟ ಸೇರಲಿಲ್ಲ.

ಜನವರಿ ೧೧, ಶನಿವಾರ

ಕಂಪ್ಯೂಟರ್ ರಿಪೇರಿಯವರು ಬಂದಿದ್ದರು. ವಯಸ್ಸಾದವರು, ಕಿವಿಯ ಮೇಲೆ ಸದಾ ಒಂದು ಸ್ಕ್ರೂಡ್ರೈವರ್. ತಮ್ಮನ ಸ್ಟೂಲನ್ನು ಎಳೆದುಕೊಂಡು ಕೂರಲು ಹೋದರು. “ಅದರ ಮೇಲೆ ಬೇಡ” ಎಂದೆ. ಪಾಪ, ಒಂದು ಗಂಟೆ ನಿಂತೇ ನೋಡಿದರು.

“ಡಿಸ್ಕು ಹೋಗೋ ಕಾಲಕ್ಕೆ ಬಂದಿದೆ ಮಾಸ್ಟ್ರೇ. ಒಳಗಿರೋದನ್ನೆಲ್ಲ ಇವತ್ತೇ ಇಳಿಸ್ಕೋತೀನಿ” ಎಂದರು. ಇಳಿಸಿಕೊಂಡು ಏನು ಮಾಡುತ್ತೀರಿ ಎಂದು ಕೇಳಿದೆ. “ನಿಮ್ಮ ತಮ್ಮ ಇದನ್ನ ವಿಂಡೋಸ್ ಅಲ್ಲ, ಹಳೇ ಲಿನಕ್ಸ್ ಮೇಲೆ ಬರ್ದಿದಾರೆ. ಹೊಸಾ ಕಂಪ್ಯೂಟರಲ್ಲಿ ಸುಮ್ನೆ ಹಾಕಿದ್ರೆ ಓಡಲ್ಲ. ಹೊಸದ್ರ ಹೊಟ್ಟೆ ಒಳಗೆ ಇನ್ನೊಂದು ಕಂಪ್ಯೂಟರ್ ಇದೆ ಅಂತ ಅದನ್ನ ನಂಬಿಸ್ಬೇಕು. ವರ್ಚುವಲ್ ಮಷೀನ್ ಅಂತಾರೆ. ನಾಲ್ಕು ದಿನ ಬಿಡಿ, ಮಾಡ್ಕೊಡ್ತೀನಿ.”

“ನೀವು ಹೇಳಿಕೊಡಿ, ನಾನೇ ಮಾಡ್ತೀನಿ” ಎಂದೆ. ಬಾಯಿಂದ ಬಂದ ಮೇಲೆ ನನಗೇ ಹೆದರಿಕೆಯಾಯಿತು. ಮೌಸು ಹಿಡಿಯಲು ಕಲಿತದ್ದೇ ನಲವತ್ತು ದಾಟಿದ ಮೇಲೆ. ಆದರೆ ಅವನು ಕೈಯಾಡಿಸಿದ ಜಾಗದಲ್ಲಿ ಬೇರೆಯವರ ಕೈ ಬೇಡ ಅನ್ನಿಸಿತು, ಅಷ್ಟೇ.

ಹೊರಡುವಾಗ ಅವರು ಹೇಳಿದರು: “ಒಂದು ಫೈಲಿದೆ, ಅಕ್ಷರ ಎಲ್ಲಾ ಕಲಸಿಟ್ಟಿದಾರೆ. ಏಳು ಸಾಲು ಉಳಿದಿದೆ. ಬಿಡಿಸಿ ತೋರಿಸ್ಲಾ?”

“ಮುಟ್ಟಿದ್ರೆ ನೋಡಿ!” ಎಂದು ಗದರಿಬಿಟ್ಟೆ. ನಾನು ಯಾವ ಕಥೆ ಪುಸ್ತಕ ಹಿಡಿದರೂ ಕೊನೆಯ ಪುಟ ಮೊದಲು ಓದುವವಳು. ಕಳ್ಳ, ನಾನು ಇಣುಕುತ್ತೇನೆಂದೇ ಹಾಗೆ ಕಲಸಿಟ್ಟಿದ್ದಾನೆ.

ಏಳು. ಇನ್ನು ಏಳು ಸಲ ಅವನು ನನ್ನನ್ನು ಬೈಯಬಹುದು. ಅಷ್ಟೇ.

ಜನವರಿ ೧೮, ಶನಿವಾರ

ಮೂರು ದಿನದಿಂದ ಹೊಸ ಕಂಪ್ಯೂಟರಿನ ಮುಂದೆ ಕೂತಿದ್ದೇನೆ. ಕಪ್ಪು ಪರದೆ, ಬಿಳಿ ಅಕ್ಷರ. ‘ಅನುಮತಿ ಇಲ್ಲ’ ಅನ್ನುತ್ತದೆ. ನನ್ನ ಅಂಗಡಿ, ನನ್ನ ಟೇಬಲ್ಲು, ನನ್ನ ಕಂಪ್ಯೂಟರು, ಅನುಮತಿ ಕೊಡಲು ಇವನ್ಯಾರು!

ರಿಪೇರಿಯವರು ಹೇಳಿದ್ದನ್ನೆಲ್ಲ ಬಿಲ್ ಪುಸ್ತಕದ ಹಿಂದೆ ಬರೆದುಕೊಂಡಿದ್ದೇನೆ. ಕಂಪ್ಯೂಟರು ಶುರುವಾಗುವಾಗ ಒಂದು ಕೀಲಿ ಒತ್ತಿಹಿಡಿದು, ವರ್ಚುವಲೈಸೇಶನ್ ಅನ್ನುವುದನ್ನು ಆನ್ ಮಾಡಬೇಕಿತ್ತಂತೆ. ಅದನ್ನು ಮಾಡದೆ ಎರಡು ದಿನ ಗುದ್ದಾಡಿದೆ. ಒಳಗಿನ ಕಂಪ್ಯೂಟರಿಗೆ ನೆನಪು ಎಷ್ಟು, ಜಾಗ ಎಷ್ಟು ಎಂದು ನಾವೇ ಅಳೆದು ಕೊಡಬೇಕು. ಜಾಸ್ತಿ ಕೊಟ್ಟರೆ ಹೊರಗಿನದು ಉಸಿರುಗಟ್ಟುತ್ತದೆ, ಕಮ್ಮಿ ಕೊಟ್ಟರೆ ಒಳಗಿನದು ಏಳುವುದಿಲ್ಲ. ಇದು ಮಾತ್ರ ನನಗೆ ಥಟ್ಟನೆ ಅರ್ಥವಾಯಿತು. ಒಂದೇ ತುಂಡಿನಲ್ಲಿ ಕೋಟು, ಅದರ ಲೈನಿಂಗು ಎರಡೂ ತೆಗೆಯುವವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸಂಜೆ ಮೌನಗೌರಿ ಫೋನ್ ಮಾಡಿದ್ದಳು. ತಮ್ಮನ ಹೆಂಡತಿ. ಆ ಹೆಸರು ಅವನೇ ಇಟ್ಟದ್ದು, ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಅನ್ನುವ ಹಾಗೆ ಇರುತ್ತಾಳೆಂದು. ನಾನು ಎತ್ತಲಿಲ್ಲ. ಈ ಫೋನು ಅವನು ಹೋದ ಆ ಶುಕ್ರವಾರ ಮಾಡಬೇಕಿತ್ತು. ಆಸ್ಪತ್ರೆ ಇಲ್ಲಿಂದ ನಡೆದರೆ ಹತ್ತು ನಿಮಿಷ. ಎಲ್ಲ ಮುಗಿದ ಮೇಲೆ, ಎರಡು ಗಂಟೆಗೆ ಸರಿಯಾಗಿ ಫೋನ್ ಮಾಡಿ “ಬನ್ನಿ” ಎಂದಳು. ನಾನು ಹೋದಾಗ ಅವನ ಕೈ ತಣ್ಣಗಿತ್ತು. ಅದನ್ನು ನಾನು ಮರೆಯುವುದಿಲ್ಲ.

ಜನವರಿ ೨೩, ಗುರುವಾರ

ಎದ್ದಿತು! ಹೊಸ ಕಂಪ್ಯೂಟರಿನ ನಡುವೆ ಒಂದು ಚೌಕ, ಆ ಚೌಕದೊಳಗೆ ಅವನ ಅದೇ ಹಳೆಯ ನೀಲಿ ಪರದೆ, ಅದೇ ಮೂಲೆಯಲ್ಲಿ ಅದೇ ಕತ್ತರಿಯ ಚಿತ್ರ. ನನಗೆ ಗೊತ್ತಿಲ್ಲದೆ “ಬಂದ್ಯೇನೋ” ಎಂದುಬಿಟ್ಟೆ.

ಪ್ರಿಂಟರ್ ಮಾತ್ರ ಹೊರಗಿನದಕ್ಕೆ ಕಾಣುತ್ತದೆ, ಒಳಗಿನದಕ್ಕೆ ಕಾಣುವುದಿಲ್ಲ. ಅದನ್ನು ಒಳಕ್ಕೆ ದಾಟಿಸಲು ಮಧ್ಯಾಹ್ನದವರೆಗೆ ಹಿಡಿಯಿತು. ಆಸ್ಪತ್ರೆ ಯೂನಿಫಾರ್ಮಿನ ಪ್ಯಾಟರ್ನು ಸರಿಯಾಗಿ ಬಂತು.

ರಿಪೇರಿಯವರು ಇನ್ನೊಂದು ಕಲಿಸಿದರು. ಸ್ನ್ಯಾಪ್‌ಶಾಟ್. ಒಳಗಿನ ಕಂಪ್ಯೂಟರು ಈ ಗಳಿಗೆಯಲ್ಲಿ ಹೇಗಿದೆಯೋ ಹಾಗೇ ಹಿಡಿದಿಡುವುದು. ಮುಂದೆ ಏನೇ ಕೆಟ್ಟರೂ ಒಂದು ಗುಂಡಿ ಒತ್ತಿದರೆ ಆ ಗಳಿಗೆಗೇ ವಾಪಸು. “ಬರೀ ಅಪಾಯಕ್ಕೆ ಅಂತ ಇಟ್ಕೊಳ್ಳಿ. ಹೊಸಾ ಅಳತೆಗಳನ್ನ ಹೊರಗಿನ ಫೋಲ್ಡರಲ್ಲಿ ಇಡೋ ಹಾಗೆ ಮಾಡ್ಕೊಳ್ಳಿ” ಎಂದರು. ಹೂಂ ಎಂದೆ. ಕಿವಿ ಕೇಳಿತು, ತಲೆ ಬೇರೆ ಕಡೆ ಓಡುತ್ತಿತ್ತು.

ಅವರು ಹೋದ ಮೇಲೆ ಬೇಕೆಂದೇ ತೋಳಿನ ಉದ್ದ ನಲವತ್ತೆರಡು ಅಂಗುಲ ಎಂದು ಹಾಕಿದೆ.

‘ಅಕ್ಕಾ, ಈ ತೋಳು ಮನುಷ್ಯರದ್ದೋ ಕೋತಿಯದ್ದೋ? ಟೇಪು ಇನ್ನೊಂದ್ಸಲ ಹಿಡಿ.’

ಎಷ್ಟು ದಿನವಾಗಿತ್ತೋ ಹಾಗೆ ನಕ್ಕು. ಆಮೇಲೆ ಅತ್ತೆ. ಆಮೇಲೆ ಮೂಗು ಒರೆಸಿಕೊಂಡು ಸ್ನ್ಯಾಪ್‌ಶಾಟಿಗೆ ವಾಪಸು ಹೋದೆ. ಫೈಲು ತೆಗೆದು ಎಣಿಸಿದೆ. ಏಳು!

ಜನವರಿ ೨೪, ಶುಕ್ರವಾರ

ಇವತ್ತೂ ಬೈಸಿಕೊಂಡೆ. ಇವತ್ತೂ ಏಳು.

ಫೆಬ್ರವರಿ ೪, ಮಂಗಳವಾರ

ಅಂಗಡಿಯ ಬಾಗಿಲು ತೆಗೆದು, ನೆಲ ಗುಡಿಸಿ, ಮೊದಲ ಕೆಲಸವೇ ಅದು. ನಲವತ್ತೆರಡು ಅಂಗುಲ. ಕೋತಿಯ ತೋಳು. ವಾಪಸು. ಎರಡನೆಯ ಬೈಗುಳ ಏನಿರಬಹುದೆಂದು ಕುತೂಹಲವಿಲ್ಲವೆಂದರೆ ಸುಳ್ಳು. ಆದರೆ ಎರಡನೆಯದನ್ನು ಕೇಳಿದರೆ ಮೂರನೆಯದು, ಆಮೇಲೆ ಏಳನೆಯದು. ಬೇಡ.

ಕೆಲಸಕ್ಕೇನೂ ತೊಂದರೆಯಿಲ್ಲ. ಈ ತಿಂಗಳು ಬರುತ್ತಿರುವವರೆಲ್ಲ ಹಳೆಯ ಗಿರಾಕಿಗಳು. ಅವರ ಅಳತೆಗಳು ಮೊದಲಿನಿಂದಲೇ ಒಳಗಿವೆ.

ಫೆಬ್ರವರಿ ೧೦, ಸೋಮವಾರ

ಮೌನಗೌರಿ ಅಂಗಡಿಗೇ ಬಂದಳು. ಕೈಯಲ್ಲಿ ತಮ್ಮನ ಬೂದು ಕೋಟು. ನಾನೇ ಕತ್ತರಿಸಿ ಕೊಟ್ಟದ್ದು, ಅವನು ಎಂಟು ವರ್ಷ ಹಾಕಿಕೊಂಡದ್ದು. ಮೊಣಕೈ ಹತ್ತಿರ ನೆರಿಗೆ ಇನ್ನೂ ಹಾಗೇ ನಿಂತಿದೆ.

“ಅತ್ತಿಗೆ, ಇದನ್ನ ನನ್ನ ಅಳತೆಗೆ ಮಾಡ್ಕೊಡ್ತೀರಾ? ನಾನು ಕೆಲಸ ಮಾಡೋ ಲೈಬ್ರರಿಯಲ್ಲಿ ಚಳಿ. ಇದನ್ನ ಹಾಕ್ಕೊಂಡು ಕೂರ್ತೀನಿ” ಎಂದಳು.

ಇದನ್ನೂ ನೀನೇ ತಗೊಂಡೆಯಾ ಅನ್ನಿಸಿತು. ಆದರೆ ಬಟ್ಟೆ ಹಿಡಿದು ಬಂದವರಿಗೆ ಆಗುವುದಿಲ್ಲ ಎಂದು ಹೇಳಿ ಗೊತ್ತಿಲ್ಲ ನನಗೆ. ಟೇಪು ತೆಗೆದೆ. ಎಷ್ಟು ಇಳಿದುಹೋಗಿದ್ದಾಳೆ! ಭುಜ ಮಾತ್ರ ಅಗಲ, ಅದೊಂದು ಮೊದಲಿನ ಹಾಗೇ ಇದೆ. ಅಳತೆಗಳನ್ನು ಒಳಗೆ ಹಾಕಿದೆ, ಸಂಖ್ಯೆ ೨೧೨ ಎಂದು ತೋರಿಸಿತು, ಅದನ್ನು ಚೀಟಿಯ ಮೇಲೆ ಬರೆದು ಕೋಟಿಗೆ ಚುಚ್ಚಿದೆ. ಹೆಂಗಸರ ಅಳತೆಯ ಪಕ್ಕ ಹೆಸರು ಇರಬಾರದು, ಬರೀ ಸಂಖ್ಯೆ ಸಾಕು ಎಂದು ತಮ್ಮ ಹಠ ಹಿಡಿದು ಹಾಗೆ ಮಾಡಿದ್ದ.

ಅವಳು ಹೋಗುವಾಗ ಬಾಗಿಲಲ್ಲಿ ನಿಂತು ಏನೋ ಹೇಳಲು ಹೋದಳು. ನಾನು ಇಸ್ತ್ರಿ ಪೆಟ್ಟಿಗೆ ಕೈಗೆ ತೆಗೆದುಕೊಂಡೆ.

ಫೆಬ್ರವರಿ ೧೩, ಗುರುವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಬೆಳಿಗ್ಗೆ ಬೇಕರಿಯಾಕೆ ಬಂದಿದ್ದರು, ಹೊಸ ಗಿರಾಕಿ, ಗುಬ್ಬಿಯಂಥ ಮೈ. ಅಳತೆ ಹಾಕಿದೆ, ಸಂಖ್ಯೆ ಬಂತು, ಚೀಟಿಯ ಮೇಲೆ ಬರೆದೆ. ಕೈ ಬರೆಯಿತು, ಕಣ್ಣು ನೋಡಲಿಲ್ಲ. ಆಮೇಲೆ ತಮ್ಮನ ಕೋಟು ತೆಗೆದು ಹೊಲಿಗೆ ಬಿಚ್ಚಿದೆ. ೨೧೨ ಎಂದು ಒತ್ತಿ ಪ್ಯಾಟರ್ನು ತೆಗೆದೆ. ಯಾವತ್ತೂ ಕತ್ತರಿಸುವ ಮೊದಲು ಕಾಗದದ ಮೇಲೆ ಟೇಪು ಇಟ್ಟು ನೋಡುವವಳು ನಾನು. ಇವತ್ತು ನೋಡಲಿಲ್ಲ. ಆ ಕೋಟನ್ನು ಹೆಚ್ಚು ಹೊತ್ತು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಬೇಗ ಮುಗಿಸಿಬಿಡೋಣವೆಂದು, ತಪ್ಪಿದ್ದರೆ ಹೇಗೂ ಅವನು ಬೈಯುತ್ತಿದ್ದನಲ್ಲ ಎಂದು, ಹಲ್ಲು ಕಚ್ಚಿ ಕತ್ತರಿಸಿದೆ.

ಎರಡು ಗಂಟೆಗೆ ಕತ್ತರಿ ಕೆಳಗಿಟ್ಟು ನೋಡುತ್ತೇನೆ, ಟೇಬಲ್ಲಿನ ಮೇಲೆ ಎರಡು ಚೀಟಿ. ಎರಡರ ಮೇಲೂ ೨೧೨.

ಮಂಗಳವಾರ ಬೆಳಿಗ್ಗೆ ನಾನು ಬೈಸಿಕೊಂಡು ವಾಪಸು ಹೋದಾಗಲೇ ಅವಳ ಅಳತೆ ಅಳಿಸಿಹೋಗಿತ್ತು. ಖಾಲಿಯಾದ ಸಂಖ್ಯೆ ಇವತ್ತು ಬೇಕರಿಯಾಕೆಗೆ ಹೋಯಿತು. ಅಳತೆಯಲ್ಲಿ ತಪ್ಪಿರಲಿಲ್ಲ, ಬೇರೆಯವರದಾಗಿತ್ತು ಅಷ್ಟೇ. ಅದಕ್ಕೆ ಅವನು ಯಾಕೆ ಬೈಯುತ್ತಾನೆ?

ಭುಜದಲ್ಲಿ ಎರಡೂವರೆ ಅಂಗುಲ ಕಮ್ಮಿ. ಬೆನ್ನಲ್ಲಿ ಮೂರು. ತೋಳಿಗೆ ಮಾತ್ರ ಇನ್ನೂ ಕತ್ತರಿ ಹಾಕಿರಲಿಲ್ಲ.

ಮೂವತ್ತೊಂದು ವರ್ಷ. ಒಬ್ಬರ ಬಟ್ಟೆಯನ್ನು ಇನ್ನೊಬ್ಬರ ಅಳತೆಗೆ ಕತ್ತರಿಸಿದವಳಲ್ಲ ನಾನು. ಅದೂ ಈ ಕೋಟನ್ನು.

ಫೆಬ್ರವರಿ ೧೪, ಶುಕ್ರವಾರ

ಅಂಗಡಿ ತೆಗೆಯಲಿಲ್ಲ.

ಫೆಬ್ರವರಿ ೧೭, ಸೋಮವಾರ

ರಿಪೇರಿಯವರಿಗೆ ಎಲ್ಲ ಹೇಳಿದೆ. ದಿನಾ ಬೆಳಿಗ್ಗೆ ಏನು ಮಾಡುತ್ತಿದ್ದೆ ಎನ್ನುವುದನ್ನೂ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಕಿವಿಯಿಂದ ಸ್ಕ್ರೂಡ್ರೈವರ್ ತೆಗೆದು ಸುಮ್ಮನೆ ತಿರುಗಿಸುತ್ತಾ ನಿಂತರು.

“ಹಿಂದಕ್ಕೆ ಹೋದ್ರೆ ಎಲ್ಲಾನೂ ಹಿಂದಕ್ಕೆ ಹೋಗುತ್ತೆ ಮಾಸ್ಟ್ರೇ. ಇದು ಬೇಕು, ಅದು ಬೇಡ ಅಂತ ಆರಿಸ್ಕೊಳ್ಳೋಕಾಗಲ್ಲ.”

“ಅವಳ ಅಳತೆ ಎಲ್ಲಾದ್ರೂ ಸಿಗುತ್ತಾ?”

“ಇಲ್ಲ. ಮತ್ತೆ ಟೇಪು ಹಿಡೀಬೇಕು, ಅಷ್ಟೇ.”

ಟೇಪು ಹಿಡಿಯಬೇಕಾದರೆ ಅವಳ ಮುಂದೆ ನಿಲ್ಲಬೇಕು. ನಿಂತರೆ ಹೇಳಬೇಕು.

ಫೆಬ್ರವರಿ ೨೨, ಶನಿವಾರ

ಕತ್ತರಿಸಿದ ತುಂಡುಗಳನ್ನು ಗಂಟು ಕಟ್ಟಿಕೊಂಡು ತಮ್ಮನ ಮನೆಗೆ ಹೋದೆ. ಅವನು ಹೋದ ಮೇಲೆ ಇದೇ ಮೊದಲು. ಬಾಗಿಲ ಹತ್ತಿರ ಅವನ ಚಪ್ಪಲಿ ಇನ್ನೂ ಇದೆ.

ಗಂಟು ಬಿಚ್ಚಿ ಟೇಬಲ್ಲಿನ ಮೇಲೆ ಹರಡಿ, “ಹಾಳು ಮಾಡಿಬಿಟ್ಟೆ ಕಣೇ” ಎಂದೆ. ನಿಂತೇ ಹೇಳಿದೆ. ಬೈಗುಳದ ವಿಷಯ, ದಿನಾ ಕದ್ದು ಕೇಳುತ್ತಿದ್ದದ್ದು, ಅವಳ ಅಳತೆ ಅಳಿಸಿದ್ದು, ಟೇಪು ಇಡದೆ ಕತ್ತರಿಸಿದ್ದು, ಒಂದನ್ನೂ ಬಿಡಲಿಲ್ಲ. ಅವಳು ಕೂಗಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬೆನ್ನಿನ ತುಂಡನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಎಷ್ಟೋ ಹೊತ್ತು ಸವರುತ್ತಾ ಕೂತಿದ್ದಳು.

ಆಮೇಲೆ ಕೇಳಿದಳು: “ಕತ್ತರಿಸೋವಾಗ ಯಾರಾದ್ರೂ ಮಾತಾಡಿಸಿದ್ರಾ?”

“ಇಲ್ಲ. ಆ ಹೊತ್ತಲ್ಲಿ ನನ್ನನ್ನ ಯಾರು ಮಾತಾಡಿಸ್ತಾರೆ?”

“ಹೌದು. ಇವರೂ ಅದನ್ನೇ ಅಂದಿದ್ರು.” ತಲೆ ಎತ್ತಲಿಲ್ಲ. “ಆ ಶುಕ್ರವಾರ ಹನ್ನೆರಡಕ್ಕೇ ಫೋನ್ ಕೈಗೆ ತಗೊಂಡಿದ್ದೆ ಅತ್ತಿಗೆ. ಇವರೇ ಬೇಡ ಅಂದ್ರು. ‘ಅಕ್ಕನ ಕತ್ತರಿ ಈಗ ಬಟ್ಟೆ ಮೇಲಿರುತ್ತೆ, ಬೆಚ್ಚಿಬಿಟ್ರೆ ಯಾರದೋ ಕೋಟು ಹಾಳಾಗುತ್ತೆ. ಎರಡು ಹೊಡೀಲಿ, ಆಮೇಲೆ ಮಾಡು’ ಅಂದ್ರು. ಚೆನ್ನಾಗೇ ಮಾತಾಡ್ತಿದ್ರು. ನಾನೂ ಎರಡು ಗಂಟೆ ತಾನೇ ಅಂದ್ಕೊಂಡೆ. ಒಂದೂ ಮುಕ್ಕಾಲಿಗೆ...”

ಅಲ್ಲೇ ಕೂತೆ.

“ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ನೀವು ಫೋನೇ ಎತ್ತಲಿಲ್ಲವಲ್ಲ. ಆಮೇಲೆ ಹೆದರಿಕೆಯಾಯ್ತು. ಕೇಳಿದ್ರೆ ಎಲ್ಲಿ ಕತ್ತರೀನೇ ಕೆಳಗಿಟ್ಟುಬಿಡ್ತೀರೋ ಅಂತ.”

ಆ ಹೊತ್ತಿನಲ್ಲಿ ನಾನು ಕತ್ತರಿಸುತ್ತಿದ್ದದ್ದು ಏನೆಂದು ನೆನಪಿದೆ. ಆಸ್ಪತ್ರೆಯ ಯೂನಿಫಾರ್ಮು. ಹನ್ನೆರಡು ಜೊತೆ. ಒಂದೂ ಹಾಳಾಗಲಿಲ್ಲ.

ಇಬ್ಬರೂ ಅತ್ತೆವು. ನಾಲ್ಕು ತಿಂಗಳು ಆ ಹುಡುಗಿಯನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೇನೆ. ಅವಳು ಏನೋ ಬಡಿಸಿದಳು, ತಿಂದೆ. ಹೊರಡುವ ಮುಂಚೆ ಟೇಪು ತೆಗೆದು ಅವಳ ಅಳತೆಯನ್ನು ಇನ್ನೊಮ್ಮೆ ತೆಗೆದುಕೊಂಡೆ. ಈ ಸಲ ಕಾಗದದ ಮೇಲೆ ಬರೆದೆ, ಹೆಸರಿನ ಸಮೇತ.

ಮಾರ್ಚ್ ೮, ಶನಿವಾರ

ಕೋಟು ಮುಗಿಯಿತು. ಅವಳ ಕೈಗೆ ತಕ್ಕಂತೆ ತೋಳು ಗಿಡ್ಡ ಮಾಡಿದಾಗ ಉಳಿದ ಬಟ್ಟೆಯನ್ನು ಉದ್ದಕ್ಕೆ ಸೀಳಿ ಭುಜಕ್ಕೂ ಬೆನ್ನಿಗೂ ಕೂಡಿಸಿದೆ. “ಜೋಡಿಸಿದ್ದು ಎದ್ದು ಕಾಣುತ್ತೆ” ಎಂದೆ. “ಕಾಣಲಿ ಬಿಡಿ” ಎಂದಳು. ಹಾಕಿಕೊಂಡೇ ಸ್ಟೂಲಿನ ಮೇಲೆ ಕೂತಳು.

ಅವಳ ಲ್ಯಾಪ್‌ಟಾಪಿನಲ್ಲೂ ತಮ್ಮ ಹಾಕಿಕೊಟ್ಟ ಲಿನಕ್ಸೇ ಇದೆ. ಅವಳಿಗೂ ಅವನ ಪ್ರೋಗ್ರಾಮು ಕೊಡಬೇಕೆಂದು ಎರಡು ವಾರದಿಂದ ಒದ್ದಾಡುತ್ತಿದ್ದೆ. ಇದಕ್ಕೆ ಕಂಟೇನರ್ ಸಾಕು ಎಂದಿದ್ದರು ರಿಪೇರಿಯವರು. ವರ್ಚುವಲ್ ಮಷೀನ್ ಅಂದರೆ ಇಡೀ ಮನೆ ಹೊತ್ತುಕೊಂಡು ಹೋದ ಹಾಗೆ, ಕಂಟೇನರ್ ಅಂದರೆ ಬುತ್ತಿ. ಪ್ರೋಗ್ರಾಮು, ಅದಕ್ಕೆ ಬೇಕಾದಷ್ಟೇ ಸಾಮಾನು, ಕಟ್ಟಿ ಕೊಟ್ಟರೆ ಆಯಿತು. ನಾಲ್ಕು ಸಲ ಕಟ್ಟಿದೆ, ನಾಲ್ಕು ಸಲವೂ ಅದು ಸಿಗಲಿಲ್ಲ, ಇದು ಸಿಗಲಿಲ್ಲ ಎಂದಿತು. ಐದನೆಯ ಸಲ ತೆಪ್ಪಗೆ ಓಡಿತು.

ಮುಗಿಸಿದಾಗಲೆಲ್ಲ ಆ ಬುತ್ತಿಯನ್ನು ಎಸೆದು, ಮುಂದಿನ ಸಲ ಹೊಸದನ್ನೇ ಬಿಚ್ಚುವುದು. ಒಳಗೆ ಆದ ಬದಲಾವಣೆ ಎಸೆದದ್ದರ ಜೊತೆಗೇ ಹೋಗುತ್ತದೆ. ಉಳಿಯಬೇಕಾದದ್ದನ್ನು ಹೊರಗಿನ ಫೋಲ್ಡರಿನಲ್ಲಿಡಬೇಕು. ಅಳತೆಗಳನ್ನು ಯೋಚಿಸದೆ ಹೊರಗಿಟ್ಟೆ, ಬುದ್ಧಿ ಬಂದಿದೆ. ಬೈಗುಳದ ಫೈಲಿನ ಹತ್ತಿರ ಕೈ ನಿಂತಿತು. ಒಳಗಿಟ್ಟರೆ ಪ್ರತಿ ಸಲವೂ ಏಳು, ಪ್ರತಿ ಸಲವೂ ಅದೇ ಕೋತಿಯ ತೋಳು. ಹೊರಗಿಟ್ಟರೆ ಒಂದೊಂದಾಗಿ ಮುಗಿಯುತ್ತಾ ಹೋಗುತ್ತದೆ. ಅವಳಿಗೆ ಬಿಡಿಸಿ ಹೇಳಿ, ನಿನಗೆ ಹೇಗೆ ಬೇಕು ಎಂದು ಕೇಳಿದೆ.

“ಒಳಗೇ ಇರ್ಲಿ ಅತ್ತಿಗೆ. ನನಗಿನ್ನೂ ಒಂದೇ ಸಾಕು.”

ನಲವತ್ತೆರಡು ಅಂಗುಲ ಒತ್ತಿದಳು. ಓದಿದಳು. ಆ ಹುಡುಗಿ ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿದ್ದು ಇವತ್ತೇ. ನಗುತ್ತಲೇ ಕೋಟಿನ ತೋಳಿನಿಂದ ಕಣ್ಣು ಒತ್ತಿಕೊಂಡಳು. “ನನ್ನನ್ನ ಇವರು ಒಂದ್ಸಲಾನೂ ಬೈದಿಲ್ಲ ನೋಡಿ. ಬೈಸ್ಕೊಳ್ಳೋಕೂ ಪುಣ್ಯ ಬೇಕು” ಎಂದಳು.

ಅವಳು ಹೋದ ಮೇಲೆ ನನ್ನದರಲ್ಲೂ ಅದನ್ನು ಇನ್ನೊಮ್ಮೆ ತರಿಸಿ ಓದಿದೆ. ವಾಪಸು ಹೋಗಲಿಲ್ಲ. ಸ್ನ್ಯಾಪ್‌ಶಾಟ್ ಅಳಿಸಿದೆ. ‘ಖಂಡಿತವೇ?’ ಎಂದು ಕೇಳಿತು. ಹೌದು ಎಂದು ಒತ್ತಿದೆ. ಈಗ ಆರು. ಬೇಕೆಂದೇ ತಪ್ಪು ಮಾಡುವುದು ಇನ್ನಿಲ್ಲ, ಮೂರು ಸಲ ನೋಡುವುದೂ ಇಲ್ಲ. ಯಾವಾಗ ಬರುತ್ತದೋ ಆಗ ಬರಲಿ.

ಮಾರ್ಚ್ ೧೯, ಬುಧವಾರ

ಆಸ್ಪತ್ರೆಯವರಿಗೆ ಹೊಸದಾಗಿ ಇಪ್ಪತ್ತು ಜೊತೆ ಬೇಕಂತೆ. ಬೆಳಿಗ್ಗೆಯಿಂದ ತಲೆ ಎತ್ತಲು ಪುರಸೊತ್ತಿಲ್ಲ. ರಿಪೇರಿಯವರು ಸುಮ್ಮನೆ ವಿಚಾರಿಸಲು ಬಂದು, ಸ್ಟೂಲಿನ ಮೇಲೆ ಅರ್ಧ ಗಂಟೆ ಕೂತು ಹರಟೆ ಹೊಡೆದು ಹೋದರು. ಕತ್ತರಿ ಕೆಳಗಿಟ್ಟು ನಾಳೆಯ ಅಳತೆಗಳನ್ನು ಹಾಕುತ್ತಾ ಕೂತೆ. ಬೇಗ ಬೇಗ ಹಾಕುವಾಗ ಕುತ್ತಿಗೆಗೆ ಹದಿನೈದು ಅನ್ನುವ ಬದಲು ಐವತ್ತೊಂದು ಬಿತ್ತು. ನಿಜವಾಗಿ ತಪ್ಪಿ ಬಿದ್ದದ್ದು.

‘ಅಕ್ಕಾ, ಎಮ್ಮೆಗೆ ಯೂನಿಫಾರ್ಮ್ ಹೊಲೀತಿದ್ದೀಯಾ? ಎರಡು ಗಂಟೆ ದಾಟಿರುತ್ತೆ, ಹೊಟ್ಟೆಗೇನೂ ಹಾಕಿರಲ್ಲ, ನಂಗೊತ್ತು. ಎದ್ದು ಹೋಗಿ ಊಟ ಮಾಡು. ಇಲ್ಲಿರೋದು ಎಲ್ಲಿಗೂ ಓಡಿಹೋಗಲ್ಲ.’

ಇನ್ನೊಮ್ಮೆ ಓದಿದೆ. ಸರಿ ಅನ್ನುವ ಗುಂಡಿ ಒತ್ತುವವರೆಗೂ ಅದು ಪರದೆಯ ಮೇಲೆ ನಿಂತೇ ಇರುತ್ತದೆ. ಒತ್ತಿದೆ. ಹೋಯಿತು.

ಮೌನಗೌರಿಗೆ ಫೋನ್ ಮಾಡಿದೆ.

“ಎರಡನೇದು ಬಂತು ಕಣೇ.”

“ಹೇಳ್ಬೇಡಿ ಅತ್ತಿಗೆ, ನಾನೇ ಯಾವತ್ತಾದ್ರೂ ಓದ್ತೀನಿ” ಎಂದಳು. ಆಮೇಲೆ ಅವಳೇ ಕೇಳಿದಳು, “ಚೆನ್ನಾಗಿತ್ತಾ?”

“ಎಮ್ಮೆ ಅಂದ.”

ನಕ್ಕಳು.

ಐದು ಉಳಿದಿವೆ. ಗಡಿಯಾರ ನೋಡಿದರೆ ಎರಡೂ ಇಪ್ಪತ್ತು. ಎದ್ದು ಹೋಗಿ ಊಟ ಮಾಡಿದೆ.